‘ನಲ್ ಅಂಡ್ ವಾಯ್ಡ್’: ಎರಡು ಪದಗಳಿಗೆ ಎರಡು ಅರ್ಥಗಳಿವೆಯೇ?

ಅನುವಾದಕಿ_ಮೈಸೂರು
ಎಲ್ಲರಿಗೂ ನಮಸ್ಕಾರ. ಹನ್ನೆರಡು ವರ್ಷಗಳಿಂದ ಕಚೇರಿಯ ಕಾಗದಪತ್ರಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ಮಾಡುತ್ತಿದ್ದೇನೆ. ಕಳೆದ ವಾರ ಒಂದು ವಿಮಾ ಪಾಲಿಸಿಯ ಷರತ್ತುಗಳನ್ನು, ಒಟ್ಟು ನಲವತ್ತು ಪುಟ, ಅನುವಾದಿಸಿ ಕಳುಹಿಸಿದೆ. ಗ್ರಾಹಕರು ಸುಳ್ಳು ಮಾಹಿತಿ ಕೊಟ್ಟಿದ್ದರೆ ಪಾಲಿಸಿಯು ‘ನಲ್ ಅಂಡ್ ವಾಯ್ಡ್’ ಆಗುತ್ತದೆ ಎಂಬ ಮಾತು ಅದರಲ್ಲಿ ಏಳು ಕಡೆ ಬರುತ್ತದೆ. ಏಳೂ ಕಡೆ ನಾನು ‘ಅಸಿಂಧುವಾಗುತ್ತದೆ’ ಎಂದು ಬರೆದಿದ್ದೆ. ಪರಿಶೀಲಕರು ಏಳೂ ಕಡೆ ಕೆಂಪು ಗೆರೆ ಎಳೆದು, “ಮೂಲದಲ್ಲಿ ಎರಡು ಪದಗಳಿವೆ, ನಿಮ್ಮಲ್ಲಿ ಒಂದೇ ಇದೆ, ಇನ್ನೊಂದು ಎಲ್ಲಿ ಹೋಯಿತು?” ಎಂದು ಕೇಳಿ ಹಿಂದಿರುಗಿಸಿದ್ದಾರೆ. ಏಳು ಲೋಪಗಳ ಲೆಕ್ಕದಲ್ಲಿ ಸಂಭಾವನೆಯೂ ಕಡಿತವಾಗಿದೆ.

ಹೋದ ಹಣ ಹೋಗಲಿ, ನನ್ನ ಪ್ರಶ್ನೆ ಬೇರೆ. ಇಂಗ್ಲಿಷಿನಲ್ಲಿ ಒಂದೇ ಅರ್ಥ ಕೊಡುವಂತೆ ಕಾಣುವ ಪದಗಳ ನಡುವೆ ನಿಜವಾಗಿಯೂ ವ್ಯತ್ಯಾಸವಿದೆಯೇ? ಅಥವಾ ಪರಭಾಷೆಯ ಮೇಲಿನ ಭಯಭಕ್ತಿಯಿಂದ ನಾವೇ ಇಲ್ಲದ ವ್ಯತ್ಯಾಸಗಳನ್ನು ಅಲ್ಲಿ ಹುಡುಕುತ್ತಿದ್ದೇವೆಯೇ? ‘ಬಿಗಿನ್’ ಮತ್ತು ‘ಸ್ಟಾರ್ಟ್’, ‘ಇಲ್’ ಮತ್ತು ‘ಸಿಕ್’, ‘ಟರ್ಮ್ಸ್’ ಮತ್ತು ‘ಕಂಡಿಷನ್ಸ್’ ಇವುಗಳ ಬಗ್ಗೆ ಶಾಲೆಯಲ್ಲಿ ಕಲಿಸಿದ್ದು ನನಗೆ ನೆನಪಿದೆ, ಆದರೆ ಅದನ್ನು ನಂಬಬೇಕೆನಿಸುತ್ತಿಲ್ಲ. ತಿಳಿದವರು ಹೇಳಿ.

ಬಿಸಿಲೂರು
ಎರಡು ಪದಗಳು ಬದುಕಿ ಉಳಿದಿವೆ ಎಂದ ಮೇಲೆ ಎರಡು ಅರ್ಥಗಳು ಇರಲೇಬೇಕು. ಭಾಷೆ ಯಾರನ್ನೂ ಸುಮ್ಮನೆ ಕೂರಿಸಿ ಅನ್ನ ಹಾಕುವುದಿಲ್ಲ.

ಧಾರವಾಡದ_ಕರಿಕೋಟು
ಅನುವಾದಕಿಯವರೇ, ಮೂವತ್ತು ವರ್ಷ ವಕೀಲಿ ಮಾಡಿದವನಾಗಿ ಹೇಳುತ್ತೇನೆ, ನಿಮ್ಮ ‘ಅಸಿಂಧು’ ಸರಿಯಾಗಿಯೇ ಇದೆ. ‘ನಲ್’ ಆಗಿಯೂ ‘ವಾಯ್ಡ್’ ಆಗದ ಕರಾರನ್ನು ನಾನು ಇದುವರೆಗೆ ನೋಡಿಲ್ಲ. ಇದಕ್ಕೆ ಕಾರಣ ಇತಿಹಾಸದಲ್ಲಿದೆ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನದಲ್ಲಿಯೂ, ಕಾಲಕ್ರಮೇಣ ನ್ಯಾಯಾಲಯದಲ್ಲಿಯೂ ಫ್ರೆಂಚ್ ನೆಲೆಯೂರಿತು. ಜನ ಆಡುವುದು ಇಂಗ್ಲಿಷ್, ವಕೀಲರು ವಾದಿಸುವುದು ಫ್ರೆಂಚ್, ಗುಮಾಸ್ತರು ದಾಖಲಿಸುವುದು ಲ್ಯಾಟಿನ್ ಎಂಬ ಪರಿಸ್ಥಿತಿ ಬಹುಕಾಲ ನಡೆಯಿತು. ವಾದವು ಇಂಗ್ಲಿಷಿನಲ್ಲಿ ನಡೆಯಲಿ ಎಂಬ ಶಾಸನ ಬಂದದ್ದು 1362ರಲ್ಲಿ, ಮತ್ತು ಆ ಶಾಸನವನ್ನೂ ಬರೆದದ್ದು ಫ್ರೆಂಚಿನಲ್ಲಿಯೇ! ಇಂಥ ವಾತಾವರಣದಲ್ಲಿ ಇಬ್ಬರಿಗೂ ಅರ್ಥವಾಗಲೆಂದು ಇಂಗ್ಲಿಷ್ ಪದವೊಂದನ್ನೂ ಫ್ರೆಂಚ್ ಪದವೊಂದನ್ನೂ ಜೊತೆಗಿಟ್ಟು ಬರೆಯುವ ಅಭ್ಯಾಸ ಬೆಳೆಯಿತು. ‘ವಿಲ್ ಅಂಡ್ ಟೆಸ್ಟಮೆಂಟ್’, ‘ಬ್ರೇಕಿಂಗ್ ಅಂಡ್ ಎಂಟರಿಂಗ್’, ‘ನಲ್ ಅಂಡ್ ವಾಯ್ಡ್’ ಎಲ್ಲವೂ ಹಾಗೆ ಬಂದ ಜೋಡಿಗಳು. ನಮ್ಮವರು ಅದರಲ್ಲಿ ‘ವಿಲ್’ ಒಂದನ್ನೇ ಎತ್ತಿಕೊಂಡು ‘ಉಯಿಲು’ ಮಾಡಿಕೊಂಡರು, ಏನೂ ನಷ್ಟವಾಗಲಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು. ‘ವಾಯ್ಡ್’ ಬೇರೆ, ‘ವಾಯ್ಡಬಲ್’ ಬೇರೆ. 1872ರ ಭಾರತೀಯ ಕರಾರು ಅಧಿನಿಯಮದ ಎರಡನೆಯ ಕಲಮಿನಲ್ಲಿಯೇ ಎರಡಕ್ಕೂ ಪ್ರತ್ಯೇಕ ವ್ಯಾಖ್ಯೆಗಳಿವೆ. ಮೊದಲನೆಯದು ಕಾನೂನಿನ ಕಣ್ಣಿಗೆ ಜಾರಿ ಮಾಡಲಾಗದ ಒಪ್ಪಂದ. ಎರಡನೆಯದು ಒಂದು ಪಕ್ಷದವರು ಬೇಡವೆನ್ನುವವರೆಗೆ ಊರ್ಜಿತದಲ್ಲಿಯೇ ಇರುವ ಕರಾರು. ವಿಮೆಯ ಕಾಗದದಲ್ಲಿ ಎರಡೂ ಬರುತ್ತವೆ, ನೋಡಿಕೊಳ್ಳಿ.

ಅರೆಕಾಲಿಕ_ವೈಯಾಕರಣಿ
ಕರಿಕೋಟಿನವರ ಕಥೆ ಸೊಗಸಾಗಿದೆ, ಆದರೆ ಉದಾಹರಣೆ ಕೈಕೊಟ್ಟಿದೆ. ‘ನಲ್’ ಮತ್ತು ‘ವಾಯ್ಡ್’ ಎರಡೂ ಫ್ರೆಂಚಿನಿಂದಲೇ ಬಂದವು. ‘ಸೀಸ್ ಅಂಡ್ ಡಿಸಿಸ್ಟ್’ ಕೂಡ ಹಾಗೆಯೇ, ‘ಟರ್ಮ್ಸ್ ಅಂಡ್ ಕಂಡಿಷನ್ಸ್’ ಕೂಡ ಹಾಗೆಯೇ. ಇಬ್ಬರಿಗೂ ಅರ್ಥವಾಗಲೆಂದು ಜೋಡಿಸಿದರು ಎಂಬ ವಿವರಣೆ ಇವುಗಳಿಗೆ ಹೊಂದುವುದಿಲ್ಲ. ಇನ್ನೊಂದು ತುದಿಯನ್ನು ನೋಡಬೇಕೆಂದರೆ ನಿಮ್ಮ ಪಾಸ್‌ಪೋರ್ಟನ್ನು ತೆರೆಯಿರಿ. ರಾಷ್ಟ್ರಪತಿಗಳ ಹೆಸರಿನಲ್ಲಿ ಮಾಡಿದ ವಿನಂತಿಯಲ್ಲಿ ‘ವಿದೌಟ್ ಲೆಟ್ ಆರ್ ಹಿಂಡ್ರನ್ಸ್’ ಎಂದಿದೆ. ಅಲ್ಲಿ ‘ಲೆಟ್’ ಎಂದರೆ ಬಿಡುವುದಲ್ಲ, ತಡೆಯುವುದು. ‘ಬಿಡು’ ಎಂಬ ಅರ್ಥದ ‘ಲೆಟ್’ ಬೇರೆಯದೇ ಪದ, ಕಾಲ ಕಳೆದಂತೆ ಎರಡರ ರೂಪವೂ ಒಂದೇ ಆಯಿತು. ಆ ‘ಲೆಟ್’ ಮತ್ತು ‘ಹಿಂಡ್ರನ್ಸ್’ ಇವುಗಳ ಬೇರುಗಳು ಎರಡೂ ಹಳೆಯ ಇಂಗ್ಲಿಷಿನವು. ಫ್ರೆಂಚರು ಬರುವ ಮೊದಲೇ ಇಂಗ್ಲಿಷರಿಗೆ ಪದಗಳನ್ನು ಜೋಡಿಯಾಗಿ ಹೇಳುವ ಚಟವಿತ್ತು. ಅದು ಅರ್ಥದ ಅಗತ್ಯವಲ್ಲ, ಕಿವಿಯ ಅಗತ್ಯ.

ಮಲೆನಾಡ_ಮಳೆ
‘ಯಾವುದೇ ಅಡ್ಡಿ ಆತಂಕಗಳಿಲ್ಲದೆ’ ಎಂದು ನಾವು ಬರೆಯುವುದೂ ಅದೇ ತಾನೇ? ಅಡ್ಡಿ ಕನ್ನಡದ್ದು, ಆತಂಕ ಸಂಸ್ಕೃತದ್ದು. ಯಾವ ಪರಿಶೀಲಕರೂ ಅಡ್ಡಿಗೆ ಒಂದು, ಆತಂಕಕ್ಕೆ ಒಂದು ಎಂದು ಲೆಕ್ಕ ಕೇಳುವುದಿಲ್ಲ.

ಧಾರವಾಡದ_ಕರಿಕೋಟು
ವೈಯಾಕರಣಿಗಳ ತಿದ್ದುಪಡಿಯನ್ನು ಒಪ್ಪಿದೆ, ‘ನಲ್ ಅಂಡ್ ವಾಯ್ಡ್’ ಅನ್ನು ಆ ಪಟ್ಟಿಯಲ್ಲಿ ಸೇರಿಸಿದ್ದು ನನ್ನ ತಪ್ಪು. ಜೋಡಿಗಳು ಉಳಿದುಕೊಂಡದ್ದಕ್ಕೆ ಮತ್ತೊಂದು ಕಾರಣವನ್ನೂ ನಮ್ಮ ವೃತ್ತಿಯವರು ಗುಟ್ಟಾಗಿ ಹೇಳಿಕೊಳ್ಳುತ್ತಾರೆ: ಬರವಣಿಗೆ ಉದ್ದವಾದಷ್ಟೂ ಶುಲ್ಕ ಹೆಚ್ಚು. 1596ರಲ್ಲಿ ಲಂಡನ್ನಿನ ಚಾನ್ಸರಿ ನ್ಯಾಯಾಲಯದಲ್ಲಿ ಮಿಲ್‌ವರ್ಡ್ ಎಂಬಾತ, ಹದಿನಾರು ಹಾಳೆಗಳಲ್ಲಿ ಮುಗಿಯುವ ಉತ್ತರವನ್ನು 120 ಹಾಳೆಗಳಿಗೆ ಎಳೆದು ಸಲ್ಲಿಸಿದನು. ನ್ಯಾಯಾಧೀಶರು ಆ ಕಾಗದದ ಕಟ್ಟಿನ ನಡುವೆ ತೂತು ಕೊರೆಸಿ, ಅದರಲ್ಲಿ ಅವನ ತಲೆಯನ್ನು ತೂರಿಸಿ, ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ಒಂದೊಂದು ನ್ಯಾಯಾಲಯದ ಮುಂದೆಯೂ ಮೆರವಣಿಗೆ ಮಾಡಿಸಲು ಆಜ್ಞಾಪಿಸಿದರು, ದಂಡವನ್ನೂ ಹಾಕಿದರು. ಇಂದು ಆ ಆಜ್ಞೆ ಜಾರಿಯಲ್ಲಿದ್ದರೆ ನಮ್ಮಲ್ಲಿ ಅನೇಕರ ಕತ್ತಿನ ಅಳತೆ ತೆಗೆಯಬೇಕಾಗುತ್ತಿತ್ತು.

ಭೌತಶಾಸ್ತ್ರ_ಮಾಸ್ತರು
ಎಲ್ಲರೂ ಕಾನೂನಿನಲ್ಲಿಯೇ ಸಿಕ್ಕಿಕೊಂಡಿದ್ದೀರಿ. ನನ್ನ ತರಗತಿಗೆ ಬನ್ನಿ. ‘ಸ್ಪೀಡ್’ ಮತ್ತು ‘ವೆಲಾಸಿಟಿ’ ಒಂದೇ ಎಂದವನಿಗೆ ನಾನು ಸೊನ್ನೆ ಹಾಕುತ್ತೇನೆ. ನಾನೂರು ಮೀಟರಿನ ಓಟದ ಪಥದಲ್ಲಿ ಒಂದು ಸುತ್ತು ಓಡಿ, ಹೊರಟ ಜಾಗಕ್ಕೇ ಬಂದು ನಿಂತ ಹುಡುಗನ ಸರಾಸರಿ ‘ಸ್ಪೀಡ್’ ಎಷ್ಟೇ ಇರಲಿ, ಸರಾಸರಿ ‘ವೆಲಾಸಿಟಿ’ ಮಾತ್ರ ಸೊನ್ನೆ. ನಮ್ಮ ಕನ್ನಡ ಮಾಧ್ಯಮದ ಪಠ್ಯಪುಸ್ತಕದವರು ಇದಕ್ಕಾಗಿಯೇ ‘ಜವ’ ಮತ್ತು ‘ವೇಗ’ ಎಂದು ಬೇರೆ ಮಾಡಿದ್ದಾರೆ. ‘ಮಾಸ್’ ದ್ರವ್ಯರಾಶಿ, ‘ವೆಯ್ಟ್’ ತೂಕ. ಚಂದ್ರನ ಮೇಲೆ ಹೋದರೆ ನಿಮ್ಮ ತೂಕ ಸುಮಾರು ಆರನೆಯ ಒಂದು ಭಾಗಕ್ಕೆ ಇಳಿಯುತ್ತದೆ, ದ್ರವ್ಯರಾಶಿ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಇದಕ್ಕಿಂತ ದೊಡ್ಡ ವ್ಯತ್ಯಾಸ ಬೇಕೇ?

ಪದಕುತೂಹಲಿ
ಮಾಸ್ತರೇ, ಅದು ಭಾಷೆಯಲ್ಲಿದ್ದ ವ್ಯತ್ಯಾಸವಲ್ಲ, ನೀವು ಹಾಕಿದ ಬೇಲಿ. ಇಂಗ್ಲಿಷ್ ಆಡುವ ಸಾಮಾನ್ಯ ಜನರು ಇಂದಿಗೂ ಎರಡನ್ನೂ ಒಂದೇ ಅರ್ಥದಲ್ಲಿ ಆಡುತ್ತಾರೆ, ಗುಂಡಿನ ‘ವೆಲಾಸಿಟಿ’ ಎನ್ನುವವರು ಅದು ಯಾವ ದಿಕ್ಕಿಗೆ ಹೋಯಿತೆಂದು ಯೋಚಿಸುವುದಿಲ್ಲ. ‘ಜವ’ ಮತ್ತು ‘ವೇಗ’ ಇನ್ನೂ ಸ್ಪಷ್ಟವಾದ ಸಾಕ್ಷಿ. ಸಂಸ್ಕೃತದಲ್ಲಿ ಎರಡೂ ಸಮಾನಾರ್ಥಕ ಪದಗಳೇ. ಶಾಸ್ತ್ರಕ್ಕೆ ಎರಡು ಪದಗಳು ಬೇಕಾದವು, ಕೈಗೆ ಸಿಕ್ಕ ಎರಡನ್ನು ತಂದು ಒಂದೊಂದಕ್ಕೆ ಒಂದೊಂದು ಕೆಲಸ ಕೊಟ್ಟರು, ಅಷ್ಟೇ. ವಕೀಲರ ‘ವಾಯ್ಡ್’ ಮತ್ತು ‘ವಾಯ್ಡಬಲ್’ ಕೂಡ ಇದೇ ಜಾತಿಯವು. ಅನುವಾದಕಿಯವರು ಕೇಳಿದ್ದು ಬೇಲಿ ಹಾಕದ ಬಯಲಿನ ವಿಚಾರ.

ಭೌತಶಾಸ್ತ್ರ_ಮಾಸ್ತರು
ಬೇಲಿ ಹಾಕಿದ ಮೇಲೆ ಅದು ಬೇಲಿಯೇ ಅಲ್ಲವೇ? ಯಾರು ಹಾಕಿದರೆಂದು ಕೇಳುತ್ತಾ ಕುಳಿತರೆ ದನ ಹೊಲದೊಳಗೆ ಬಂದಿರುತ್ತದೆ.

ಲೀಡ್ಸ್_ಕನ್ನಡಿಗ
ಬೇಲಿ ಹಾಕದ ಬಯಲಿನಲ್ಲಿ ಎಡವಿ ಬಿದ್ದ ನನ್ನ ಅನುಭವ ಕೇಳಿ. ಇಂಗ್ಲೆಂಡಿಗೆ ಬಂದ ಮೊದಲ ವರ್ಷ, ಜ್ವರದಿಂದ ರಾತ್ರಿಯಿಡೀ ನಿದ್ದೆಯಿಲ್ಲದೆ, ಬೆಳಿಗ್ಗೆ ಕಚೇರಿಗೆ ಫೋನು ಮಾಡಿ ‘ರಾತ್ರಿಯೆಲ್ಲ ಸಿಕ್ ಆಗಿದ್ದೆ’ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ನಮ್ಮ ಮೇಲಧಿಕಾರಿಣಿ ಗಾಬರಿಯಾಗಿ, ಏನು ತಿಂದಿರಿ, ಹೊಟ್ಟೆಯಲ್ಲಿ ಏನಾದರೂ ನಿಲ್ಲುತ್ತಿದೆಯೇ, ನಿಂತ ಮೇಲೂ ಎರಡು ದಿನ ಕಚೇರಿಗೆ ಬರಬೇಡಿ ಎಂದರು. ನಾನು ವಾಂತಿಯ ಮಾತೇ ಎತ್ತಿರಲಿಲ್ಲ! ಇಲ್ಲಿ ಆ ಮಾತಿಗೆ ರಾತ್ರಿಯೆಲ್ಲ ವಾಂತಿ ಮಾಡಿಕೊಂಡೆ ಎಂದೇ ಅರ್ಥ. ಕಾಯಿಲೆಯಾಗಿತ್ತು ಎನ್ನಲು ‘ಇಲ್’ ಎನ್ನಬೇಕು. ಅಮೆರಿಕದಲ್ಲಿರುವ ನನ್ನ ತಮ್ಮನಿಗೆ ಈ ತೊಂದರೆಯಿಲ್ಲ, ಅಲ್ಲಿ ‘ಸಿಕ್’ ಎಂದರೆ ಕಾಯಿಲೆಯೇ. ಆದರೆ ವಿಚಿತ್ರ ಕೇಳಿ: ಇಲ್ಲಿಯೂ ರಜೆಯ ಮಟ್ಟಿಗೆ ‘ಆಫ್ ಸಿಕ್’ ಎಂದೇ ಹೇಳುತ್ತಾರೆ, ಆಗ ಯಾರೂ ವಾಂತಿಯನ್ನು ನೆನೆಯುವುದಿಲ್ಲ. ಹಾಗಾದರೆ ವ್ಯತ್ಯಾಸ ಪದದ ಅರ್ಥದಲ್ಲಿದೆಯೇ, ಅಥವಾ ಅದು ಯಾರ ಪಕ್ಕದಲ್ಲಿ ಕುಳಿತಿದೆ ಎಂಬುದರಲ್ಲಿದೆಯೇ?

ನಿವೃತ್ತ_ಮೇಷ್ಟ್ರು
ಮೂವತ್ತಾರು ವರ್ಷ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ ನನಗೆ ಈ ಚರ್ಚೆ ನೋಡಿ ಸಂತೋಷವೂ ಸಂಕಟವೂ ಒಟ್ಟಿಗೇ ಆಗುತ್ತಿದೆ. ವ್ಯತ್ಯಾಸಗಳಿಲ್ಲ ಎನ್ನುವವರು ಊಟದ ಎಲೆಯ ಕಡೆ ನೋಡಲಿ. ಕೊಟ್ಟಿಗೆಯಲ್ಲಿದ್ದಾಗ ‘ಶೀಪ್’, ತಟ್ಟೆಗೆ ಬಂದಾಗ ‘ಮಟನ್’. ಕೊಟ್ಟಿಗೆಯಲ್ಲಿ ‘ಪಿಗ್’, ತಟ್ಟೆಯಲ್ಲಿ ‘ಪೋರ್ಕ್’. ಸಾಕಿದವನು ಇಂಗ್ಲಿಷ್ ಆಡುವ ರೈತ, ತಿಂದವನು ಫ್ರೆಂಚ್ ಆಡುವ ಧಣಿ. ಸರ್ ವಾಲ್ಟರ್ ಸ್ಕಾಟ್ 1819ರಲ್ಲಿ ಪ್ರಕಟಿಸಿದ ‘ಐವನ್‌ಹೋ’ ಕಾದಂಬರಿಯ ಮೊದಲ ಅಧ್ಯಾಯದಲ್ಲಿಯೇ ವಿದೂಷಕನೊಬ್ಬ ಹಂದಿ ಕಾಯುವವನಿಗೆ ಇದನ್ನು ವಿವರಿಸುತ್ತಾನೆ. ಒಂದೊಂದು ಪದದ ಹಿಂದೆಯೂ ಹೀಗೆ ಒಂದೊಂದು ವರ್ಗದ ಬದುಕಿದೆ. ಅದನ್ನು ಸುಮ್ಮನೆ ಕಿವಿಯ ಚಟ ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಅರೆಕಾಲಿಕ_ವೈಯಾಕರಣಿ
ಮೇಷ್ಟ್ರೇ, ನಿಮ್ಮ ಮೇಲಿನ ಗೌರವವನ್ನು ಇಟ್ಟುಕೊಂಡೇ ಹೇಳುತ್ತೇನೆ, ಸ್ಕಾಟ್ ಕಾದಂಬರಿಕಾರ, ನಿಘಂಟುಕಾರನಲ್ಲ. ಫ್ರೆಂಚರು ಬಂದ ಮರುದಿನದಿಂದಲೇ ಕೊಟ್ಟಿಗೆಗೊಂದು, ತಟ್ಟೆಗೊಂದು ಎಂದು ಪದಗಳು ಹಂಚಿಹೋಗಲಿಲ್ಲ. ನಾರ್ಮನ್ನರ ಕಾಲ ಕಳೆದು ಎಷ್ಟೋ ಶತಮಾನಗಳಾದ ಮೇಲೂ ಮೇಯುತ್ತಿರುವ ಜೀವಂತ ಜಾನುವಾರನ್ನು ‘ಬೀಫ್’ ಎನ್ನುತ್ತಿದ್ದರು, ‘ಬೀವ್ಸ್’ ಎಂಬ ಬಹುವಚನ ಅದರದ್ದೇ ಕುರುಹು. ಅಡುಗೆಮನೆಗೂ ಕೊಟ್ಟಿಗೆಗೂ ಗಟ್ಟಿ ಗೋಡೆ ಎದ್ದದ್ದು ಬಹಳ ತಡವಾಗಿ. ಇನ್ನು ಕೋಳಿ ಕೊಟ್ಟಿಗೆಯಲ್ಲಿಯೂ ‘ಚಿಕನ್’, ತಟ್ಟೆಯಲ್ಲಿಯೂ ‘ಚಿಕನ್’, ಮೀನು ಎಲ್ಲಿದ್ದರೂ ‘ಫಿಶ್’. ಧಣಿಗಳು ಕೋಳಿ ಮೀನು ತಿನ್ನುತ್ತಿರಲಿಲ್ಲವೇ?

ಬಿಸಿಲೂರು
ನಮ್ಮೂರಿನ ಖಾನಾವಳಿಯಲ್ಲಿ ‘ಮಟನ್’ ಎಂದು ಬಡಿಸುವುದು ಹೆಚ್ಚಾಗಿ ಮೇಕೆಯ ಮಾಂಸ. ಇಂಗ್ಲೆಂಡಿನಲ್ಲಿ ಅದು ಕುರಿಯದು. ಪದ ಸಮುದ್ರ ದಾಟುವಾಗ ಪ್ರಾಣಿಯನ್ನೇ ಬದಲಾಯಿಸಿಕೊಂಡಿದೆ, ತಿನ್ನುವವರು ಯಾರೂ ದೂರು ಕೊಟ್ಟಿಲ್ಲ.

ನಿವೃತ್ತ_ಮೇಷ್ಟ್ರು
‘ಬೀವ್ಸ್’ ಎಂಬುದನ್ನು ಮರೆತಿದ್ದೆ, ಆ ಮಟ್ಟಿಗೆ ಸೋತೆ. ಆದರೆ ಗೋಡೆ ತಡವಾಗಿ ಎದ್ದರೂ ಎದ್ದಿತಲ್ಲ ಎಂಬುದೇ ನನ್ನ ಮಾತು. ಮಿಶೆಲ್ ಬ್ರೆಯಾಲ್ ಎಂಬ ಫ್ರೆಂಚ್ ವಿದ್ವಾಂಸರು 1897ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೊಂದು ನಿಯಮವನ್ನೇ ಹೇಳಿದರು. ಸಮಾನಾರ್ಥಕವಾಗಿ ಬಂದು ಸೇರಿದ ಪದಗಳನ್ನು ಜನರು ಹಾಗೆಯೇ ಇರಲು ಬಿಡುವುದಿಲ್ಲ, ಅಣ್ಣತಮ್ಮಂದಿರು ಆಸ್ತಿಯನ್ನು ಪಾಲು ಮಾಡಿಕೊಳ್ಳುವಂತೆ ಅವು ಅರ್ಥವನ್ನು ಹಂಚಿಕೊಳ್ಳುತ್ತವೆ. (ಅಣ್ಣತಮ್ಮಂದಿರ ಹೋಲಿಕೆ ನನ್ನದು.) ಹಳೆಯ ಇಂಗ್ಲಿಷಿನಲ್ಲಿ ‘ಸ್ಟೆಂಚ್’ ಪದದ ಮೂಲರೂಪಕ್ಕೆ ಯಾವುದೇ ವಾಸನೆ ಎಂಬ ಅರ್ಥವಿತ್ತು, ಸುವಾಸನೆಯೂ ಅದರಲ್ಲಿ ಸೇರಿತ್ತು. ಮುಂದೆ ‘ಸ್ಮೆಲ್’ ಬಳಕೆಗೆ ಬಂತು, ಫ್ರೆಂಚಿನಿಂದ ‘ಓಡರ್’ ಬಂತು, ‘ಪರ್ಫ್ಯೂಮ್’ ಬಂತು, ‘ಫ್ರೇಗ್ರೆನ್ಸ್’ ಬಂತು, ಮನೆಯ ಹಳೆಯ ಪದಕ್ಕೆ ಕೊನೆಗೆ ಉಳಿದದ್ದು ಚರಂಡಿ. ನಮ್ಮ ‘ಕೂಳು’ ಪದಕ್ಕೂ ಇದೇ ಗತಿಯಾಯಿತು. ಹಳಗನ್ನಡದಲ್ಲಿ ‘ಕೂಳ್’ ಎಂದರೆ ಮರ್ಯಾದೆಯ ಊಟ. ಈಗ ಮನೆಗೆ ಬಂದ ಬೀಗರಿಗೆ ‘ಕೂಳು ತಿನ್ನಿ’ ಎಂದು ಹೇಳಿ ನೋಡಿ.

ಮಲೆನಾಡ_ಮಳೆ
ಪೊಲೀಸರಿಗೆ ‘ಶ್ವಾನದಳ’ವಿದೆ, ‘ನಾಯಿದಳ’ವಿಲ್ಲ. ಬೀದಿಯಲ್ಲಿ ಅಟ್ಟಿಸಿಕೊಂಡು ಬರುವುದು ಮಾತ್ರ ನಾಯಿ, ಶ್ವಾನ ಅಟ್ಟಿಸಿಕೊಂಡು ಬಂದದ್ದನ್ನು ನಾನು ಕಂಡಿಲ್ಲ.

ಲೀಡ್ಸ್_ಕನ್ನಡಿಗ
ಮಳೆಯವರ ನಾಯಿ ನನ್ನ ಪ್ರಶ್ನೆಗೆ ಉತ್ತರವನ್ನು ಬಾಯಲ್ಲಿ ಕಚ್ಚಿಕೊಂಡು ಬಂದಿದೆ. ನಾಯಿ ಮತ್ತು ಶ್ವಾನ ಸೂಚಿಸುವ ಪ್ರಾಣಿ ಒಂದೇ, ಕೂರುವ ಜಾಗ ಬೇರೆ. ಜೆ.ಆರ್. ಫರ್ತ್ ಎಂಬ ಬ್ರಿಟಿಷ್ ಭಾಷಾವಿಜ್ಞಾನಿ 1957ರಲ್ಲಿ, ಪದವನ್ನು ಅದರ ಸಹವಾಸದಿಂದ ಗುರುತಿಸಬೇಕೆಂಬ ಅರ್ಥದ ಮಾತು ಬರೆದರು. ಅವರ ಶಿಷ್ಯ ಹ್ಯಾಲಿಡೇ ಕೊಟ್ಟ ಉದಾಹರಣೆ ಪ್ರಸಿದ್ಧವಾಗಿದೆ: ಚಹಾ ‘ಸ್ಟ್ರಾಂಗ್’ ಆಗಿರಬಹುದು, ‘ಪವರ್‌ಫುಲ್’ ಆಗಿರಲಾರದು, ಕಾರಿನ ಮಟ್ಟಿಗೆ ಇದು ತಿರುಗುಮುರುಗು. ‘ಬಿಗ್’ ಮತ್ತು ‘ಲಾರ್ಜ್’ ಎರಡೂ ದೊಡ್ಡದೇ. ಮನೆಯ ಮಟ್ಟಿಗೆ ಯಾವುದನ್ನು ಬಳಸಿದರೂ ನಡೆಯುತ್ತದೆ. ಆದರೆ ‘ಬಿಗ್ ಸಿಸ್ಟರ್’ ಎಂದರೆ ಅಕ್ಕ, ‘ಲಾರ್ಜ್ ಸಿಸ್ಟರ್’ ಎಂದರೆ ದಪ್ಪಗಿರುವ ಸಹೋದರಿ. ಮೊದಲನೆಯದನ್ನು ಹೇಳಲು ಹೋಗಿ ಎರಡನೆಯದನ್ನು ಹೇಳಿದವನಿಗೆ ಭಾಷಾವಿಜ್ಞಾನದ ಪುಸ್ತಕ ರಕ್ಷಣೆ ಕೊಡುವುದಿಲ್ಲ. ಕಾರನ್ನು ‘ಸ್ಟಾರ್ಟ್’ ಮಾಡಬಹುದು, ‘ಬಿಗಿನ್’ ಮಾಡಲಾಗದು. ಬ್ಯಾಂಕಿನ ಖಾತೆಯನ್ನು ‘ಕ್ಲೋಸ್’ ಮಾಡಬಹುದು, ‘ಶಟ್’ ಮಾಡಿದರೆ ಗುಮಾಸ್ತರು ತಲೆಯೆತ್ತಿ ನೋಡುತ್ತಾರೆ.

ಪದಕುತೂಹಲಿ
ಸಹವಾಸದ ಮಾತು ಒಪ್ಪಿಗೆ. ಆದರೆ ಸಹವಾಸ ಬೇರೆಯಾದದ್ದನ್ನೇ ಅರ್ಥ ಬೇರೆ ಎಂದು ಮಾರಾಟ ಮಾಡುವ ಮೇಷ್ಟ್ರುಗಳ ಬಗ್ಗೆ ನನ್ನ ತಕರಾರಿದೆ. ‘ಲೆಸ್’ ಮತ್ತು ‘ಫ್ಯೂಯರ್’ ತೆಗೆದುಕೊಳ್ಳಿ. ಎಣಿಸುವ ವಸ್ತುಗಳಿಗೆ ‘ಫ್ಯೂಯರ್’, ಅಳೆಯುವುದಕ್ಕೆ ‘ಲೆಸ್’ ಎಂದು ನಮಗೆಲ್ಲ ಬೆತ್ತ ಹಿಡಿದು ಕಲಿಸಿದರು. ಒಂಬತ್ತನೆಯ ಶತಮಾನದ ಆಲ್ಫ್ರೆಡ್ ದೊರೆಯ ಕಾಲದಿಂದಲೂ ಎಣಿಸುವ ವಸ್ತುಗಳಿಗೆ ‘ಲೆಸ್’ ಬಳಕೆಯಲ್ಲಿತ್ತು. 1770ರಲ್ಲಿ ರಾಬರ್ಟ್ ಬೇಕರ್ ಎಂಬಾತ ಒಂದು ಪುಸ್ತಕದಲ್ಲಿ, ತನ್ನ ಕಿವಿಗೆ ಅಲ್ಲಿ ‘ಫ್ಯೂಯರ್’ ಹೆಚ್ಚು ಸೊಗಸು ಎಂದು ಬರೆದನು. ಅದು ಅವನ ವೈಯಕ್ತಿಕ ಅಭಿರುಚಿಯಾಗಿತ್ತು. ಆಮೇಲೆ ಬಂದ ವೈಯಾಕರಣಿಗಳು ಅದನ್ನು ಕಾನೂನು ಮಾಡಿದರು, ಇಂದು ಅದರ ಹೆಸರಿನಲ್ಲಿ ಮಕ್ಕಳ ಅಂಕ ಹೋಗುತ್ತಿದೆ. ‘ಡಿಸಿಂಟರೆಸ್ಟೆಡ್’ ಎಂದರೆ ನಿಷ್ಪಕ್ಷಪಾತಿ, ‘ಅನಿಂಟರೆಸ್ಟೆಡ್’ ಎಂದರೆ ನಿರಾಸಕ್ತ ಎಂದು ಗದರಿಸುವವರಿಗೆ ಹದಿನೇಳನೆಯ ಶತಮಾನದಲ್ಲಿ ಇವೆರಡರ ಅರ್ಥಗಳು ಅದಲುಬದಲಾಗಿದ್ದುದು ಗೊತ್ತಿದ್ದಂತಿಲ್ಲ.

ನಿವೃತ್ತ_ಮೇಷ್ಟ್ರು
ಬೆತ್ತದ ಮಾತು ನನಗೇ ಎಂದು ಅರ್ಥವಾಯಿತು. ‘ಲೆಸ್ ಬುಕ್ಸ್’ ಎಂದು ಬರೆದು ನೌಕರಿಯ ಸಂದರ್ಶನಕ್ಕೆ ಹೋಗುವ ಹುಡುಗನಿಗೆ ಆಲ್ಫ್ರೆಡ್ ದೊರೆ ಶಿಫಾರಸು ಪತ್ರ ಕೊಡುತ್ತಾನೆಯೇ? ಕಾನೂನು ಯಾರು ಮಾಡಿದರೂ ದಂಡ ಕಟ್ಟುವವನು ನನ್ನ ವಿದ್ಯಾರ್ಥಿ. ಅದಕ್ಕೇ ಕಲಿಸಿದೆ, ಮುಂದೆಯೂ ಕಲಿಸುತ್ತೇನೆ.

ಊಟಿ_ರಸ್ತೆ
ಟ್ಯಾಂಕರ್ ಲಾರಿಗಳ ಹಿಂದೆ ದಪ್ಪಕ್ಷರದಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಎಂದಿರುತ್ತದೆ. ಕೆಲವು ಡಬ್ಬಿಗಳ ಮೇಲೆ ‘ಫ್ಲೇಮಬಲ್’ ಎಂದಿರುತ್ತದೆ. ಎರಡೂ ಬೆಂಕಿ ಹತ್ತುವಂಥವೇ, ಕಿಂಚಿತ್ತೂ ವ್ಯತ್ಯಾಸವಿಲ್ಲ. ಹಳೆಯದು ‘ಇನ್‌ಫ್ಲೇಮಬಲ್’. ಅದರ ‘ಇನ್’ ನಿಷೇಧಾರ್ಥದ್ದಲ್ಲ, ಉರಿಯನ್ನು ಹೊತ್ತಿಸು ಎಂಬ ಲ್ಯಾಟಿನ್ ಕ್ರಿಯಾಪದದಲ್ಲಿಯೇ ಸೇರಿಕೊಂಡು ಬಂದದ್ದು. ಜನರು ಅದನ್ನು ‘ಬೆಂಕಿ ಹತ್ತದ್ದು’ ಎಂದು ತಿಳಿದು ಪಕ್ಕದಲ್ಲಿ ಬೀಡಿ ಹಚ್ಚಿಯಾರು ಎಂಬ ಭಯದಿಂದ ಅಗ್ನಿ ಸುರಕ್ಷತೆಯವರು ಕಳೆದ ಶತಮಾನದಲ್ಲಿ ‘ಫ್ಲೇಮಬಲ್’ ಎಂಬುದನ್ನು ಪ್ರಚಾರಕ್ಕೆ ತಂದರು.

ಇನ್ನೊಂದು ಜೋಡಿ ನಾನಿರುವ ಕಡೆಯದು. ಎಚ್.ಡಬ್ಲ್ಯು. ಫೌಲರ್ ಎಂಬ ನಿಘಂಟುಕಾರರು 1926ರ ತಮ್ಮ ಬಳಕೆಯ ಕೋಶದಲ್ಲಿ, ಪರಿಪೂರ್ಣ ಸಮಾನಾರ್ಥಕಗಳು ಇರುವುದೇ ಅನುಮಾನ ಎಂದು ಹೇಳಿ, ಇದ್ದರೆ ಬಹುಶಃ ‘ಗೋರ್ಸ್’ ಮತ್ತು ‘ಫರ್ಜ್’ ಎಂಬ ಒಂದೇ ಮುಳ್ಳುಗಿಡದ ಎರಡು ಹೆಸರುಗಳು ಎಂದರು. ಆ ಹಳದಿ ಹೂವಿನ ಮುಳ್ಳುಪೊದೆ ಯೂರೋಪಿನದು. ಹೊರಗಿನಿಂದ ತಂದು ನೆಟ್ಟದ್ದು ನೀಲಗಿರಿಯ ಹುಲ್ಲುಗಾವಲುಗಳಲ್ಲಿ ಹಬ್ಬಿ, ಈಗ ಕೀಳಲು ಹೆಣಗಬೇಕಾಗಿದೆ. ‘ಗೋರ್ಸ್’ ಎಂದು ಕಿತ್ತರೂ ‘ಫರ್ಜ್’ ಎಂದು ಕಿತ್ತರೂ ಅದೇ ಮುಳ್ಳು.

ಅರೆಕಾಲಿಕ_ವೈಯಾಕರಣಿ
ಫೌಲರ್ ಅದನ್ನೂ ‘ಬಹುಶಃ’ ಎಂದೇ ಹೇಳಿದ್ದು. ಎರಡೂ ಹಳೆಯ ಇಂಗ್ಲಿಷಿನ ಪದಗಳು, ಯಾವ ಊರಿನವರು ಯಾವುದನ್ನು ಆಡುತ್ತಾರೆ ಎಂಬುದರಲ್ಲಿ ಮಾತ್ರ ಭೇದ. ನಮ್ಮ ‘ದುಡ್ಡು’, ‘ರೊಕ್ಕ’ ಇದ್ದಂತೆ. ಪೂರ್ಣ ಸಮಾನಾರ್ಥಕ ಸಿಗಬೇಕಾದರೆ ಎರಡು ಊರು ಬೇಕು ಎಂದಾಯಿತು. ಒಂದೇ ಬಾಯಲ್ಲಿ ಎರಡೂ ಇದ್ದರೆ ಜಗಳ ಖಚಿತ.

ಧಾರವಾಡದ_ಕರಿಕೋಟು
ಒಂದೇ ಬಾಯಲ್ಲಿ ಜಗಳವಾಡದೆ ಇರುವ ಜೋಡಿಯನ್ನು ಕೊಡುತ್ತೇನೆ: ‘ಫ್ರೀಡಂ’ ಮತ್ತು ‘ಲಿಬರ್ಟಿ’. ನಮ್ಮ ಸಂವಿಧಾನದ ಪ್ರಸ್ತಾವನೆಯಲ್ಲಿ ವಿಚಾರ, ಅಭಿವ್ಯಕ್ತಿ, ನಂಬಿಕೆ ಇವುಗಳಿಗೆ ‘ಲಿಬರ್ಟಿ’ ಎಂದಿದೆ. ಅದೇ ಅಭಿವ್ಯಕ್ತಿಗೆ 19ನೆಯ ಅನುಚ್ಛೇದದಲ್ಲಿ ‘ಫ್ರೀಡಂ’. 21ನೆಯ ಅನುಚ್ಛೇದದಲ್ಲಿ ಮತ್ತೆ ‘ಪರ್ಸನಲ್ ಲಿಬರ್ಟಿ’, ಆದರೆ ಆ ಅನುಚ್ಛೇದ ಕುಳಿತಿರುವುದು ‘ರೈಟ್ ಟು ಫ್ರೀಡಂ’ ಎಂಬ ಉಪಶೀರ್ಷಿಕೆಯ ಕೆಳಗೆ. ಕನ್ನಡದಲ್ಲಿ ಎಲ್ಲ ಕಡೆಯೂ ‘ಸ್ವಾತಂತ್ರ್ಯ’ ಎಂದೇ ಓದುತ್ತೇವೆ, ಅದರಿಂದ ಯಾವ ಕನ್ನಡಿಗನ ಹಕ್ಕೂ ಕಡಿಮೆಯಾಗಿಲ್ಲ.

ಆದರೆ ದಂಡಸಂಹಿತೆಗೆ ಬಂದರೆ ಕಥೆ ತಿರುವುಮುರುವಾಗುತ್ತದೆ. ‘ಥೆಫ್ಟ್’, ‘ಎಕ್ಸ್‌ಟಾರ್ಷನ್’, ‘ರಾಬರಿ’, ‘ಡಕಾಯಿಟಿ’ ನಾಲ್ಕೂ ಬೇರೆ ಬೇರೆ ಅಪರಾಧಗಳು. 1860ರ ಸಂಹಿತೆಯಲ್ಲಿಯೂ ಹಾಗೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಹಾಗೆ. ನಾಲ್ವರು ಸೇರಿ ಮಾಡಿದರೆ ‘ರಾಬರಿ’, ಐದನೆಯವನೊಬ್ಬ ಸೇರಿಕೊಂಡರೆ ‘ಡಕಾಯಿಟಿ’. ‘ಡಕಾಯಿಟಿ’ ಎಂಬುದೂ ನಮ್ಮ ದೇಶದಿಂದಲೇ ಇಂಗ್ಲಿಷರು ಎತ್ತಿಕೊಂಡ ಪದ ಎಂಬುದನ್ನು ಮರೆಯಬೇಡಿ. ನಮ್ಮ ಪತ್ರಿಕೆಗಳು ಎಲ್ಲದಕ್ಕೂ ‘ದರೋಡೆ’ ಎಂದು ಶೀರ್ಷಿಕೆ ಕೊಟ್ಟಾಗ ನನ್ನ ಕಕ್ಷಿದಾರರಿಗೆ ಎದೆ ಒಡೆಯುತ್ತದೆ, ಏಕೆಂದರೆ ಅವರು ಮಾಡಿರುವುದು ಬರಿಯ ಕಳವು!

ಲೀಡ್ಸ್_ಕನ್ನಡಿಗ
ಮಾಡಿರುವುದು ಎಂದು ನೀವೇ ಒಪ್ಪಿಕೊಂಡಿರಿ, ವಕೀಲರೇ. ‘ಮಾಡಿದ್ದಾರೆಂದು ಆರೋಪಿಸಲಾಗಿರುವುದು’ ಎನ್ನಬೇಕಿತ್ತು.

ಅನುವಾದಕಿ_ಮೈಸೂರು
ಎಲ್ಲರಿಗೂ ಧನ್ಯವಾದಗಳು. ನಿನ್ನೆ ಸಂಜೆ ನಿಮ್ಮ ವಾದಗಳನ್ನೆಲ್ಲ ಕ್ರೋಡೀಕರಿಸಿ, ‘ನಲ್ ಅಂಡ್ ವಾಯ್ಡ್’ ಎಂಬುದು ಅಡ್ಡಿ ಆತಂಕದಂತೆ ಒಂದೇ ಅರ್ಥದ ಜೋಡಿ ಎಂದು ಪರಿಶೀಲಕರಿಗೆ ಎರಡು ಪುಟದ ಪತ್ರ ಬರೆದಿದ್ದೇನೆ. ಬರೆಯುವಾಗ ಇನ್ನೊಂದು ಸಂಶಯ ಹುಟ್ಟಿತು. ನಮ್ಮ ತಾತನ ಕಾಲದ ಜಮೀನಿನ ಕ್ರಯಪತ್ರದಲ್ಲಿ ‘ನಿಧಿ ನಿಕ್ಷೇಪ ಜಲ ಪಾಷಾಣ’ ಎಂಬ ಸಾಲಿದೆ. ನಿಧಿ ಮತ್ತು ನಿಕ್ಷೇಪ ಕೂಡ ಹೀಗೆಯೇ ಅಲಂಕಾರದ ಜೋಡಿಯೇ?

ಮಲೆನಾಡ_ಮಳೆ
ಅಲ್ಲ. ಅದು ವಿಜಯನಗರ, ಕೆಳದಿ ಕಾಲದ ಶಾಸನಗಳಿಂದ ಹರಿದುಬಂದ ಸಾಲು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟನ್ನು ಅಷ್ಟಭೋಗ ಎನ್ನುತ್ತಾರೆ, ಎಂಟಕ್ಕೂ ಎಂಟು ಹಕ್ಕುಗಳು. ಯಾರದೆಂದು ತಿಳಿಯದೆ ನೆಲದಲ್ಲಿ ಸಿಕ್ಕಿದ್ದು ನಿಧಿ, ಯಾರೋ ಇಟ್ಟದ್ದು ನಿಕ್ಷೇಪ. ಆಗಾಮಿ ಮುಂದೆ ಬರಬಹುದಾದ ಲಾಭ, ಸಿದ್ಧ ಈಗಾಗಲೇ ಕೈಗೆ ಬಂದಿರುವುದು. ಒಂದನ್ನು ಬಿಟ್ಟರೂ ಆ ಹಕ್ಕು ಬಿಟ್ಟಂತೆ. ಪರಿಶೀಲಕರು ಇದನ್ನು ತಂದು ನಿಮಗೆ ತೋರಿಸದಿದ್ದದ್ದು ನಿಮ್ಮ ಪುಣ್ಯ.

ಪದಕುತೂಹಲಿ
ವಿಮೆಯ ವಿಷಯವಾದ್ದರಿಂದ ಕೇಳುತ್ತೇನೆ, ‘ಇನ್ಶೂರೆನ್ಸ್’ ಮತ್ತು ‘ಅಶೂರೆನ್ಸ್’ ಎರಡನ್ನೂ ‘ವಿಮೆ’ ಎಂದೇ ಬರೆದಿರಾ?

ಅನುವಾದಕಿ_ಮೈಸೂರು
ಹೌದು, ಮತ್ತೇನು ಬರೆಯಲಿ? ಸಾವು ಖಚಿತವಾದ್ದರಿಂದ ಜೀವಕ್ಕೆ ‘ಅಶೂರೆನ್ಸ್’, ಬೆಂಕಿ ಬಿದ್ದೀತೋ ಇಲ್ಲವೋ ಆದ್ದರಿಂದ ಮನೆಗೆ ‘ಇನ್ಶೂರೆನ್ಸ್’ ಎಂದು ಒಂದು ವಿವರಣೆಯಿದೆ. ಆದರೆ 1720ರಲ್ಲಿ ಸನ್ನದು ಪಡೆದ ‘ಲಂಡನ್ ಅಶೂರೆನ್ಸ್’ ಸಂಸ್ಥೆ ವಿಮೆ ಮಾಡುತ್ತಿದ್ದದ್ದು ಹಡಗುಗಳಿಗೆ, ಹಡಗು ಮುಳುಗುವುದು ಯಾವ ಖಚಿತ? ಇತ್ತ 1956ರಲ್ಲಿ ಸ್ಥಾಪನೆಯಾದ ನಮ್ಮ ಜೀವ ವಿಮಾ ನಿಗಮದ ಹೆಸರಿನಲ್ಲಿ ‘ಇನ್ಶೂರೆನ್ಸ್’ ಇದೆ, ಅದೇ ನಿಗಮದ ಪಾಲಿಸಿಯೊಳಗೆ ‘ಸಮ್ ಅಶೂರ್ಡ್’ ಇದೆ. ನಾನು ಧೈರ್ಯವಾಗಿ ಎರಡನ್ನೂ ‘ವಿಮೆ’ ಮಾಡಿದೆ, ಪರಿಶೀಲಕರೂ ಅದನ್ನು ಮುಟ್ಟಿಲ್ಲ.

ಬಿಸಿಲೂರು
ನನ್ನ ಮೊದಲ ಮಾತನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಭಾಷೆಯೂ ನಮ್ಮ ಅಟ್ಟದಂತೆಯೇ, ಕೆಲಸಕ್ಕೆ ಬಾರದ ಕೊಳಗವನ್ನೂ ಎಸೆಯದೆ ಇಟ್ಟುಕೊಂಡಿರುತ್ತದೆ.

ಅನುವಾದಕಿ_ಮೈಸೂರು
ಪರಿಶೀಲಕರ ಉತ್ತರ ಈಗ ಬಂತು. ‘ನಲ್ ಅಂಡ್ ವಾಯ್ಡ್’ ವಿಷಯದಲ್ಲಿ ನನ್ನ ವಾದವನ್ನು ಪೂರ್ತಿಯಾಗಿ ಒಪ್ಪಿ, ಏಳೂ ಕೆಂಪು ಗೆರೆಗಳನ್ನು ತೆಗೆದು, ಕಡಿತ ಮಾಡಿದ ಹಣವನ್ನೂ ಹಿಂದಿರುಗಿಸುವುದಾಗಿ ಬರೆದಿದ್ದಾರೆ. ಹೊಸದಾಗಿ ಒಂದೇ ಒಂದು ಗೆರೆ ಎಳೆದಿದ್ದಾರೆ. ಹದಿನಾಲ್ಕನೆಯ ಷರತ್ತಿನ ಮೂಲದಲ್ಲಿ, ಪಾಲಿಸಿಯು ಕಂಪನಿಯ ಇಚ್ಛೆಯ ಮೇರೆಗೆ ‘ವಾಯ್ಡಬಲ್’ ಎಂದಿದೆಯಂತೆ. ನಾನು ಓಟದಲ್ಲಿ ಅಲ್ಲಿಯೂ ‘ಅಸಿಂಧುವಾಗುತ್ತದೆ’ ಎಂದು ಬರೆದಿದ್ದೇನೆ.

ಧಾರವಾಡದ_ಕರಿಕೋಟು
ಮೊದಲ ದಿನವೇ ಹೇಳಿದ್ದೆ. ‘ಅಸಿಂಧುಗೊಳಿಸಬಹುದು’ ಎಂದು ತಿದ್ದಿ, ಯಾರು ಗೊಳಿಸಬಹುದು ಎಂಬುದನ್ನೂ ಸ್ಪಷ್ಟವಾಗಿ ಬರೆಯಿರಿ. ಹದಿನೈದನೆಯ ಷರತ್ತನ್ನೂ ಒಮ್ಮೆ ನೋಡಿಬಿಡಿ.